ಫಾರ್ಮ್ಯಾಟ್ ಮಾಡಿಸುವ ಮೊದಲು ಡಂಪ್ ಓದಿ

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಎಲ್ಲಿ ಕೇಳಿದರೂ ಕಂಪ್ಯೂಟರ್ ಪರದೆ ನೀಲಿಯಾಗಿ ನಿಂತುಬಿಟ್ಟರೆ ಸಿಗುವ ಸಲಹೆ ಒಂದೇ: 'ಫಾರ್ಮ್ಯಾಟ್ ಮಾಡಿಸಿಬಿಡಿ.' ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಮಾಮು ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾರೆ. ಕಳೆದ ರಜೆಯಲ್ಲಿ ಅಲ್ಲಿನ ಕಂಪ್ಯೂಟರ್ ವಾರಕ್ಕೆ ಎರಡು ಮೂರು ಸಲ ಹೀಗೆ ನಿಲ್ಲುತ್ತಿತ್ತು. ಅದರಲ್ಲಿ ಮೂರು ವರ್ಷದ ಟ್ಯಾಲಿ ಲೆಕ್ಕವಿತ್ತು, ಬ್ಯಾಕಪ್ ಇರಲಿಲ್ಲ. ಕೆಲಸದ ಹುಡುಗ ಏನೋ ಒತ್ತಿ ಕೆಡಿಸಿದ್ದಾನೆ ಎಂದು ಮಾಮು ಅವನ ಮೇಲೆ ಸಿಟ್ಟಾಗಿದ್ದರು. ಆದರೆ ಯಾವುದರಿಂದ ಕೆಟ್ಟಿತು ಎಂಬುದಕ್ಕೆ ಸಾಕ್ಷಿ ಆ ಕಂಪ್ಯೂಟರಿನಲ್ಲೇ ಇತ್ತು. ಅದರ ಹೆಸರು ಕ್ರ್ಯಾಶ್ ಡಂಪ್.

ಡಂಪ್ ಎಂದರೇನು?

ವಿಂಡೋಸ್‌ನ ತಿರುಳಾದ ಕರ್ನಲ್‌ಗೆ ಸರಿಪಡಿಸಲಾಗದ ದೋಷ ಎದುರಾದಾಗ, ಮುಂದುವರಿದರೆ ಡೇಟಾ ಕೆಡಬಹುದೆಂದು ಅದು ತಾನೇ ನಿಂತುಬಿಡುತ್ತದೆ. ನಿಲ್ಲುವಾಗ ಮೆಮೊರಿಯಲ್ಲಿದ್ದ ಮುಖ್ಯ ವಿವರಗಳನ್ನು ಡಿಸ್ಕಿಗೆ ಬರೆದಿಡುತ್ತದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದ ದಿನ ಪುಸ್ತಕಗಳನ್ನು ತಿದ್ದದೆ ಹಾಗೇ ತೆಗೆದಿಟ್ಟಂತೆ ಇದು. ಸಣ್ಣ ಡಂಪ್‌ಗಳು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ 'ಮಿನಿಡಂಪ್' ಫೋಲ್ಡರಿನಲ್ಲಿರುತ್ತವೆ. ಫೈಲಿನ ಹೆಸರಲ್ಲೇ ತಾರೀಖು ಇರುತ್ತದೆ. ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಈ ಸಾಕ್ಷಿಯೂ ಹೋಗುತ್ತದೆ.

ಓದುವುದು ಹೇಗೆ?

ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಡೀಬಗ್ಗಿಂಗ್ ಟೂಲ್ಸ್‌ನಲ್ಲಿ 'ಕೆಡಿ' ಎಂಬ ಪ್ರೋಗ್ರಾಂ ಇದೆ. ಇದರಲ್ಲಿ ಕ್ಲಿಕ್ ಮಾಡಲು ಬಟನ್‌ಗಳಿಲ್ಲ. ಕಮಾಂಡ್ ಟೈಪ್ ಮಾಡಬೇಕು, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ.

1. ಡಂಪ್ ಫೈಲನ್ನು ಬೇರೆ ಫೋಲ್ಡರಿಗೆ ಕಾಪಿ ಮಾಡಿಕೊಳ್ಳಿ.
2. 'ಕೆಡಿ -ಝಡ್' ಎಂದು ಬರೆದು, ಮುಂದೆ ಆ ಫೈಲ್ ಇರುವ ಜಾಗ ಬರೆಯಿರಿ. ಡಂಪ್ ತೆರೆಯುತ್ತದೆ.
3. '.ಸಿಮ್‌ಫಿಕ್ಸ್', ಆಮೇಲೆ '.ರೀಲೋಡ್' ಕೊಡಿ. ಇದಕ್ಕೆ ಇಂಟರ್ನೆಟ್ ಬೇಕು. ಇದಿಲ್ಲದಿದ್ದರೆ ಲೆಡ್ಜರಿನಲ್ಲಿ ಖಾತೆಯ ಹೆಸರಿಲ್ಲದೆ ಬರೀ ಫೋಲಿಯೋ ನಂಬರ್ ಇದ್ದಂತೆ ಕಾಣುತ್ತದೆ.
4. '!ಅನಲೈಜ್ -ವಿ' ಕೊಡಿ. ಉದ್ದನೆಯ ವರದಿ ಬರುತ್ತದೆ.

ವರದಿಯಲ್ಲಿ ಮೊದಲು ಮೂರನ್ನು ನೋಡಿದರೆ ಸಾಕು: ದೋಷದ ಕೋಡ್ ಯಾವುದು, ಆಗ ಯಾವ ಪ್ರೋಗ್ರಾಂ ಓಡುತ್ತಿತ್ತು, ಯಾವ ಡ್ರೈವರ್ ಮೇಲೆ ಅನುಮಾನ.

ಅನುಮಾನವೇ ತೀರ್ಪಲ್ಲ. ಒಂದೇ ವೋಚರ್ ನೋಡಿ ಆಡಿಟರ್ ಸಹಿ ಹಾಕುವುದಿಲ್ಲ. ನಾವೂ ನಾಲ್ಕಾರು ಡಂಪ್‌ಗಳನ್ನು ಹೋಲಿಸಬೇಕು. ಪ್ರತಿ ಸಲ ಬೇರೆ ಬೇರೆ ಹೆಸರು ಬಂದರೆ ರ‍್ಯಾಮ್ ಪರೀಕ್ಷಿಸಬೇಕು. ಅಂಗಡಿಯ ಐದು ಡಂಪ್‌ಗಳಲ್ಲೂ ಬಂದದ್ದು ಒಂದೇ ಹೆಸರು, ಯುಎಸ್‌ಬಿ ವೈಫೈ ಅಡಾಪ್ಟರಿನ ಹಳೇ ಡ್ರೈವರ್. ಅದನ್ನು ತೆಗೆದ ಮೇಲೆ ನೀಲಿ ಪರದೆ ಬಂದಿಲ್ಲ. ಟ್ಯಾಲಿ ಲೆಕ್ಕ ಉಳಿಯಿತು, ಹುಡುಗನ ಮೇಲಿನ ಅಪವಾದವೂ ಹೋಯಿತು.

ದೊಡ್ಡವರೂ ಮಾಡುವುದು ಇದನ್ನೇ

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಅಸ್ತವ್ಯಸ್ತವಾಯಿತು. ದೇಶದ ಹಲವೆಡೆ ಬೋರ್ಡಿಂಗ್ ಪಾಸ್ ಕೈಯಲ್ಲೇ ಬರೆದುಕೊಟ್ಟರು. ಮೈಕ್ರೋಸಾಫ್ಟ್ ಎಂಜಿನಿಯರುಗಳು ಇದೇ ಬಗೆಯ ಡೀಬಗರಿನಲ್ಲಿ ಡಂಪ್‌ಗಳನ್ನು ತೆರೆದಾಗ ಕಂಡದ್ದು ಕ್ರೌಡ್‌ಸ್ಟ್ರೈಕ್‌ನ ಡ್ರೈವರ್ 'ಸಿಎಸ್‌ಏಜೆಂಟ್'. ಅದಕ್ಕೆ ಸಿಕ್ಕ ಮೌಲ್ಯಗಳು 20, ಅದು ಓದಲು ಹೋದದ್ದು 21ನೆಯದನ್ನು. ಇಲ್ಲದ ಕಾಲಂ ಓದಲು ಹೋಗಿ ಇಡೀ ಯಂತ್ರ ನಿಂತಿತು.

ಎರಡು ಎಚ್ಚರಿಕೆ

ಡಂಪ್ ಎಂದರೆ ಮೆಮೊರಿಯ ನಕಲು. ದೊಡ್ಡ ಡಂಪ್‌ನಲ್ಲಿ ಪಾಸ್‌ವರ್ಡ್, ಗ್ರಾಹಕರ ವಿವರ ಇರಬಹುದು, ಕಂಡಕಂಡವರಿಗೆ ಕಳಿಸಬೇಡಿ. ಇನ್ನು, ಡಂಪ್ ಕಾರಣ ಹೇಳುತ್ತದೆಯೇ ಹೊರತು ಕಳೆದ ಲೆಕ್ಕವನ್ನು ತಂದುಕೊಡುವುದಿಲ್ಲ. ಟ್ಯಾಲಿ ಡೇಟಾವನ್ನು ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಹಾಕಿಡುವ ಕೆಲಸ ನಮ್ಮದೇ.