ಮಧ್ಯಾಹ್ನ ಕೆಲಸವಿಲ್ಲದ ಕಲ್ಲಿದ್ದಲು

ಬೇಸಿಗೆಯ ಮಟಮಟ ಮಧ್ಯಾಹ್ನ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ 210 ಮೆಗಾವಾಟ್‌ ಯೂನಿಟ್ಟೊಂದು ನೂರಿಪ್ಪತ್ತರ ಆಸುಪಾಸಿನಲ್ಲಿ ತೆವಳುತ್ತಿತ್ತು. ರಿಪೇರಿಯೇ ಎಂದು ಕೇಳಿದೆ. ಅಲ್ಲವಂತೆ. ಸೋಲಾರ್ ಜೋರಾಗಿದೆ, ಲೋಡ್ ಇಳಿಸಿ ಎಂದು ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರ್‌ ಹೇಳಿದೆ. ಹೊತ್ತು ಮುಳುಗುತ್ತಲೇ ಮತ್ತೆ ಏರಿಸಬೇಕು.

ವಿದ್ಯುತ್ ಕಂಪನಿಗಳ ವರದಿಗಳಲ್ಲಿ 'ಪರಿವರ್ತನೆಯ ಅಪಾಯ' (ಕಲ್ಲಿದ್ದಲಿನಿಂದ ಸೋಲಾರ್‌ನಂಥ ಮೂಲಗಳತ್ತ ಹೊರಳುವಾಗ ಆಗಬಹುದಾದ ನಷ್ಟ) ಎಂದು ಗಂಭೀರವಾಗಿ ಬರೆದಿರುತ್ತದಲ್ಲ, ಅದು ಈ ಕೇಂದ್ರವನ್ನು ನಡೆಸುವ ಕರ್ನಾಟಕ ವಿದ್ಯುತ್ ನಿಗಮಕ್ಕೆ ಹೀಗೆ ದಿನಾ ಮಧ್ಯಾಹ್ನ ಎದುರಾಗುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಎಣ್ಣೆಯ ವಿಚಾರ. ಪುಡಿ ಮಾಡಿದ ಕಲ್ಲಿದ್ದಲು ಉರಿಯುವ ಬಾಯ್ಲರ್‌ನಲ್ಲಿ ಲೋಡ್ ತೀರಾ ಇಳಿದರೆ ಜ್ವಾಲೆ ತಡವರಿಸುತ್ತದೆ. ಆರದಂತೆ ಕಾಯಲು ಎಣ್ಣೆ ಸುರಿಯಬೇಕು. ಹಸಿ ಸೌದೆಯ ಒಲೆಗೆ ಸೀಮೆಎಣ್ಣೆ ಚಿಮುಕಿಸಿದ ಹಾಗೆ. ಎಣ್ಣೆಯೋ ಕಲ್ಲಿದ್ದಲಿಗಿಂತ ಬಹಳ ತುಟ್ಟಿ. ಅಂದರೆ ಸೋಲಾರ್ ಪಾರ್ಕ್ ಇರುವ ಪಾವಗಡದಲ್ಲಿ ಬಿಸಿಲು ಹೆಚ್ಚಾದರೆ ರಾಯಚೂರಿನಲ್ಲಿ ಎಣ್ಣೆ ಉರಿಯುವ ಸಂದರ್ಭವೂ ಬರಬಹುದು! ಇಷ್ಟೇ ಅಲ್ಲ. ಹಗಲು ಇಳಿದು ಸಂಜೆ ಏರುವಾಗ ಬಾಯ್ಲರ್ ಡ್ರಮ್ಮು, ಟರ್ಬೈನ್ ರೋಟರು ಮುಂತಾದ ದಪ್ಪ ಉಕ್ಕಿನ ಭಾಗಗಳು ಹಿಗ್ಗಿ ಕುಗ್ಗಿ ಬಳಲುತ್ತವೆ. ಇಲ್ಲಿನ ಮೊದಲ ಯೂನಿಟ್ 1985ರದು; ಹಗಲಿರುಳು ಒಂದೇ ಸಮನೆ ಓಡಲೆಂದು ಕಟ್ಟಿದ್ದು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮವೋ ಇಂಥ ಯೂನಿಟ್ಟುಗಳು ಶೇ 40ರವರೆಗೆ ಇಳಿಯುವುದನ್ನು ಕಲಿಯಬೇಕು ಎನ್ನುತ್ತದೆ. 210ಕ್ಕೆ ಲೆಕ್ಕ ಹಾಕಿದರೆ 84 ಮೆಗಾವಾಟ್. ನಲವತ್ತು ವರ್ಷದ ಯಂತ್ರಕ್ಕೆ ಈ ವಯಸ್ಸಿನಲ್ಲಿ ಯೋಗಾಸನ ಯಾಕೆ ಎಂದು ನನಗಂತೂ ಅನ್ನಿಸಿತು.

ಸೋಲಾರ್ ಬಂದರೆ ಕಲ್ಲಿದ್ದಲಿಗೆ ಕೆಲಸ ಕಡಿಮೆಯಾಗುತ್ತದೆಂದು ಯಾರೂ ಊಹಿಸಿರಲಿಲ್ಲವೇ? ಪಕ್ಕದ ಯರಮರಸ್‌ನಲ್ಲಿ 1,600 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ 2017ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಮರುವರ್ಷವೇ ಪಾವಗಡದ ಸೋಲಾರ್ ಪಾರ್ಕ್ ಉದ್ಘಾಟನೆಯಾಯಿತು. ಅದೀಗ 2,050 ಮೆಗಾವಾಟ್. ಒಂದು ಕೈಯಲ್ಲಿ ಕಲ್ಲಿದ್ದಲು, ಇನ್ನೊಂದರಲ್ಲಿ ಸೂರ್ಯ. ಇದರ ಖರ್ಚು ಯಾರ ತಲೆಗೆ? ಶಾಖೋತ್ಪನ್ನ ವಿದ್ಯುತ್ತಿನ ದರದಲ್ಲಿ ಎರಡು ಪಾಲು: ಉರಿಸಿದ್ದಕ್ಕೆ ಒಂದು, ಸಿದ್ಧವಾಗಿ ನಿಂತಿದ್ದಕ್ಕೆ ಇನ್ನೊಂದು. ಎರಡನೆಯದು ನಿಶ್ಚಿತ ಶುಲ್ಕ. ಸಿದ್ಧವಾಗಿರುವ ಸ್ಥಾವರವನ್ನು ಬೇಡವೆಂದು ನಿಲ್ಲಿಸಿದರೂ ಮನೆಗಳಿಗೆ ವಿದ್ಯುತ್ ಹಂಚುವ ಎಸ್ಕಾಂಗಳು ಈ ಶುಲ್ಕವನ್ನು ಕಟ್ಟಬೇಕು. ನಿಗಮದ ಅಪಾಯ ಕೊನೆಗೆ ಮನೆಯ ಕರೆಂಟ್ ಬಿಲ್ಲಿಗೆ ಇಳಿಯುವ ದಾರಿ ಇದೇ.

ನಿಗಮ ಕಂಡುಕೊಂಡಿರುವ ಪರಿಹಾರ ಶರಾವತಿ ಕಣಿವೆಯಲ್ಲಿದೆ. ಹಗಲಿನ ಅಗ್ಗದ ವಿದ್ಯುತ್ತಿನಿಂದ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಗೆ ಬಿಟ್ಟು 2,000 ಮೆಗಾವಾಟ್ ಪಡೆಯುವ ಯೋಜನೆ. ಎತ್ತಲು ನೂರು ಯೂನಿಟ್ ವಿದ್ಯುತ್ ಖರ್ಚು ಮಾಡಿದರೆ ಎಂಬತ್ತರ ಆಸುಪಾಸು ಮರಳಿ ಬರುತ್ತದೆ; ಲೆಕ್ಕವೇನೋ ಕೆಟ್ಟದ್ದಲ್ಲ. ಹೊಸ ಅಣೆಕಟ್ಟು ಬೇಡ ಎನ್ನುವುದೂ ನಿಜ. ಆದರೆ ಸುರಂಗಕ್ಕೆ, ರಸ್ತೆಗೆ, ತಂತಿಮಾರ್ಗಕ್ಕೆ ಕಾಡು ಬೇಕು. ಆ ಕಾಡು ಸಿಂಗಳೀಕಗಳ ಅಭಯಾರಣ್ಯ. ಇಂಗಾಲ ಕಡಿಮೆ ಮಾಡುವ ಲೆಕ್ಕಕ್ಕೆ ಮಳೆಕಾಡನ್ನೇ ಕಡಿಯುವ ಈ ಜಾಣತನ ನನಗೆ ಒಪ್ಪಿಗೆಯಿಲ್ಲ. ಸಂಜೆಯ ಕೊರತೆಗೆ ಬ್ಯಾಟರಿಯನ್ನು ಮೊದಲು ಪಟ್ಟಾಗಿ ಲೆಕ್ಕ ಹಾಕಿ ನೋಡಲಿ.