ಕಡಲ ಊರೋ, ಬೆಟ್ಟದ ಊರೋ?

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿಯ ಮೇಲೆ ಹಾರೋಹಳ್ಳಿ ಎಂಬ ಊರಿದೆ. ಕಡಲು ಇಲ್ಲಿಗೆ ಬಲು ದೂರ. ಪಶ್ಚಿಮ ಘಟ್ಟಗಳೂ ದೂರವೇ. ಇಲ್ಲಿ ವಾಸಿಸುವ ಕುಟುಂಬವೊಂದನ್ನು ನಾವು ಕಲ್ಪಿಸಿಕೊಳ್ಳೋಣ. ಮನೆಯ ಯಜಮಾನರು ಬ್ಯಾಂಕಿನ ನೌಕರರು. ಅವರಿಗೆ ವರ್ಗವಾಗಿದೆ. ಮಂಗಳೂರು, ಮಡಿಕೇರಿ ಇವೆರಡರಲ್ಲಿ ಯಾವುದು ಬೇಕೆಂಬುದನ್ನು ವಾರದೊಳಗೆ ತಿಳಿಸಬೇಕೆಂದು ಮೇಲಧಿಕಾರಿಗಳು ಬರೆದಿದ್ದಾರೆ. ಮನೆಯಲ್ಲಿ ವೃದ್ಧೆಯಾದ ತಾಯಿಯಿದ್ದಾರೆ, ಅವರಿಗೆ ಉಬ್ಬಸ. ಮಗಳು ಪಿ.ಯು.ಸಿ. ಮುಗಿಸಿ ಕಾಲೇಜು ಸೇರಬೇಕಾದವಳು.

“ಬೆಟ್ಟದ ತಂಪುಗಾಳಿ ಅಜ್ಜಿಯ ಉಬ್ಬಸಕ್ಕೆ ಒಳ್ಳೆಯದು” ಎನ್ನುವರು ನೆಂಟರು. “ಮಂಗಳೂರಿನಲ್ಲಿ ಕಾಲೇಜುಗಳು ಬೇಕಾದಷ್ಟಿವೆಯಲ್ಲ ಅಪ್ಪಾ” ಎನ್ನುವಳು ಮಗಳು. “ಯಾವ ಊರಾದರೇನಪ್ಪಾ, ಕುಡಿಯುವುದಕ್ಕೆ ಒಳ್ಳೆಯ ನೀರಿದ್ದರೆ ಸಾಕು” ಎನ್ನುವರು ಅಜ್ಜಿ. ಈ ಮೂವರ ಮಾತುಗಳಲ್ಲಿ ಯಾವುದಕ್ಕೆ ಎಷ್ಟು ತೂಕವಿದೆ? ಇದನ್ನು ನಿರ್ಣಯಿಸಬೇಕಾದರೆ ಮೊದಲು ಆ ಎರಡು ಊರುಗಳ ಹವೆಯ ಗುಟ್ಟನ್ನು ಅರಿಯಬೇಕು.

ಬೆಟ್ಟವೇಕೆ ತಂಪು?

ಬೆಟ್ಟವನ್ನೇರಿದಷ್ಟೂ ನಾವು ಸೂರ್ಯನಿಗೆ ಸಮೀಪವಾಗುತ್ತೇವೆ. ಹಾಗಿದ್ದರೂ ಅಲ್ಲಿ ಸೆಕೆ ಕಡಿಮೆಯೇಕೆ? ಸೂರ್ಯನಿಗಿರುವ ದೂರದ ಮುಂದೆ ಬೆಟ್ಟದ ಎತ್ತರ ಯಾವ ಲೆಕ್ಕಕ್ಕೂ ಬರುವುದಿಲ್ಲ. ವಾಯುಮಂಡಲದ ಕೆಳಭಾಗ ಬಿಸಿಯೇರುವುದು ಮುಖ್ಯವಾಗಿ ಕಾದ ನೆಲದಿಂದ, ನೇರವಾಗಿ ಬಿಸಿಲಿನಿಂದಲ್ಲ. ನೆಲದ ಬಳಿ ಕಾದ ಗಾಳಿ ಹಗುರವಾಗಿ ಮೇಲೇರುವುದು. ಮೇಲೆ ಒತ್ತಡ ಕಡಿಮೆಯಾದುದರಿಂದ ಅದು ಹಿಗ್ಗುವುದು. ಹಿಗ್ಗುವ ಕೆಲಸಕ್ಕೆ ಬೇಕಾದ ಶಕ್ತಿಯನ್ನು ತನ್ನಲ್ಲಿರುವ ಶಾಖದಿಂದಲೇ ವೆಚ್ಚಮಾಡುವುದರಿಂದ ತಣ್ಣಗಾಗುವುದು. ಸರಾಸರಿಯಾಗಿ ಪ್ರತಿ 1,000 ಮೀಟರು ಎತ್ತರಕ್ಕೆ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣತೆ ಇಳಿಯುವುದು.

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರು ಎತ್ತರದಲ್ಲಿದೆ. ಮಂಗಳೂರಿನ ಹಳೆಯ ಬಂದರು ಕಡಲಿನ ಮಟ್ಟದಲ್ಲೇ ಇದೆ. ಈ ಲೆಕ್ಕದಂತೆ ಮಡಿಕೇರಿಯು ಮಂಗಳೂರಿಗಿಂತ ಸುಮಾರು ಏಳು ಡಿಗ್ರಿ ತಂಪಾಗಿರಬೇಕು. ವಾಸ್ತವದಲ್ಲಿಯೂ ಹಾಗೆಯೇ ಇದೆ. ಆದರೆ ಬೆಂಗಳೂರೇ ಸುಮಾರು 920 ಮೀಟರು ಎತ್ತರದಲ್ಲಿದೆಯೆಂಬುದನ್ನು ವಾಚಕರು ಮರೆಯಬಾರದು. ಎತ್ತರದ ಕಾರಣದಿಂದಲೇ ಮಡಿಕೇರಿಯು ಬೆಂಗಳೂರಿಗಿಂತ ತಂಪಾಗಿರುವುದು ಒಂದೂವರೆ ಡಿಗ್ರಿಯಷ್ಟು ಮಾತ್ರ. ಉಳಿದ ತಂಪೆಲ್ಲವೂ ಮೋಡ, ಮಳೆ, ಮಂಜು ಮತ್ತು ಕಾಡಿನ ಕೊಡುಗೆ.

ಎತ್ತರದ ಇನ್ನೊಂದು ಪರಿಣಾಮವನ್ನು ಅಡಿಗೆಮನೆಯಲ್ಲೇ ಕಾಣಬಹುದು. ಮಡಿಕೇರಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಶೇಕಡ 13ರಷ್ಟು ಕಡಿಮೆ. ಆದಕಾರಣ ಅಲ್ಲಿ ನೀರು 100 ಡಿಗ್ರಿಯ ಬದಲು ಸುಮಾರು 96 ಡಿಗ್ರಿಯಲ್ಲಿಯೇ ಕುದಿಯುವುದು. ತೆರೆದ ಪಾತ್ರೆಯಲ್ಲಿಟ್ಟ ಬೇಳೆ ಬೇಯಲು ಹೆಚ್ಚು ಹೊತ್ತು ಬೇಕು; ಪ್ರೆಷರ್ ಕುಕ್ಕರಿನಲ್ಲಿ ಈ ತೊಂದರೆ ಅಷ್ಟಾಗಿ ತಿಳಿಯದು.

ಕಡಲ ಸೆಕೆಯ ಗುಟ್ಟು

ನೀರು ನಿಧಾನವಾಗಿ ಕಾದು ನಿಧಾನವಾಗಿ ಆರುವ ವಸ್ತು. ಒಂದು ಕಿಲೋಗ್ರಾಂ ಒಣಮರಳನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾದ ಶಾಖದ ಸುಮಾರು ಐದರಷ್ಟು ಶಾಖವು ಅಷ್ಟೇ ತೂಕದ ನೀರಿಗೆ ಬೇಕು. ಹಗಲಿನಲ್ಲಿ ನೆಲ ಬೇಗ ಕಾದು, ಅದರ ಮೇಲಿನ ಗಾಳಿ ಮೇಲೇಳುವುದು. ಆ ಸ್ಥಳಕ್ಕೆ ಸಮುದ್ರದ ಕಡೆಯಿಂದ ತಂಪಾದ ಗಾಳಿ ನುಗ್ಗುವುದು. ಇದೇ ಕಡಲಗಾಳಿ. ರಾತ್ರಿ ನೆಲ ಬೇಗ ಆರುವುದರಿಂದ ಗಾಳಿಯು ನೆಲದಿಂದ ಕಡಲಿನತ್ತ ಬೀಸುವುದು. ಈ ಏರ್ಪಾಡಿನಿಂದಾಗಿ ಮಂಗಳೂರಿನಲ್ಲಿ ಒಳನಾಡಿನ ಬಿಸಿಲೂರುಗಳಂತೆ ಉಷ್ಣಮಾಪಕವು 40 ಡಿಗ್ರಿ ಮುಟ್ಟುವುದು ಬಹು ಅಪರೂಪ.

ಹಾಗಾದರೆ ಏಪ್ರಿಲ್ ತಿಂಗಳಿನಲ್ಲಿ ಮಂಗಳೂರಿಗೆ ಹೋದ ಬಯಲುಸೀಮೆಯವರು ಬೆವರಿ ಬಳಲುವುದೇಕೆ? ಈ ಪ್ರಶ್ನೆಗೆ ಉತ್ತರವನ್ನು ವಿದ್ಯಾರ್ಥಿಗಳು ತಮ್ಮ ಪ್ರಯೋಗಶಾಲೆಯಲ್ಲಿಯೇ ಕಂಡುಕೊಳ್ಳಬಹುದು. ಎರಡು ಉಷ್ಣಮಾಪಕಗಳನ್ನು ತೆಗೆದುಕೊಂಡು, ಒಂದರ ಬುಡಕ್ಕೆ ತೆಳುವಾದ ಒದ್ದೆ ಹತ್ತಿಬಟ್ಟೆಯನ್ನು ಸುತ್ತಿ, ಎರಡಕ್ಕೂ ಬೀಸಣಿಗೆಯಿಂದ ಗಾಳಿ ಹಾಕಿರಿ. ಬಟ್ಟೆಯ ನೀರು ಆವಿಯಾಗುವಾಗ ಶಾಖವನ್ನು ಹೀರುವುದರಿಂದ ಆ ಮಾಪಕದ ಪಾದರಸ ಕೆಳಗಿಳಿಯುವುದು. ನಮ್ಮ ಮೈಯ ಬೆವರು ಮಾಡುವ ಕೆಲಸವೂ ಇದೇ. ಒದ್ದೆ ಬಟ್ಟೆಯ ಮಾಪಕ ಎಷ್ಟು ಕೆಳಗಿಳಿಯುವುದೋ ನಮ್ಮ ದೇಹಕ್ಕೆ ಅಷ್ಟು ಸಮಾಧಾನ.

ಬೇಸಗೆಯ ಮಧ್ಯಾಹ್ನ ಹಾರೋಹಳ್ಳಿಯಲ್ಲಿ ಉಷ್ಣತೆ 36 ಡಿಗ್ರಿ, ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 25 ಇದೆಯೆಂದಿಟ್ಟುಕೊಳ್ಳೋಣ. ಆಗ ಒದ್ದೆ ಬಟ್ಟೆಯ ಮಾಪಕವು ಸುಮಾರು 21 ಡಿಗ್ರಿಗೆ ಇಳಿಯುವುದು. ಅದೇ ಹೊತ್ತಿನಲ್ಲಿ ಮಂಗಳೂರಿನಲ್ಲಿ 33 ಡಿಗ್ರಿ, ಆರ್ದ್ರತೆ ಶೇಕಡ 70 ಇದ್ದರೆ ಒದ್ದೆ ಬಟ್ಟೆಯ ಮಾಪಕವು 28ರ ಬಳಿಯೇ ನಿಲ್ಲುವುದು. ಮೂರು ಡಿಗ್ರಿ ತಂಪಾಗಿರುವ ಊರೇ ಮೈಗೆ ಹೆಚ್ಚು ಸೆಕೆಯೆನಿಸುವುದರ ರಹಸ್ಯ ಇದು. ಆದುದರಿಂದ ಊರನ್ನು ಆರಿಸುವವರು ಪತ್ರಿಕೆಯಲ್ಲಿ ಅಚ್ಚಾಗುವ ಗರಿಷ್ಠ ಉಷ್ಣತೆಯೊಂದನ್ನೇ ನಂಬಿದರೆ ಮೋಸಹೋಗುವರು.

ಅಜ್ಜಿಯ ಉಬ್ಬಸ

ಇನ್ನು ನೆಂಟರ ಮಾತನ್ನು ಪರೀಕ್ಷಿಸೋಣ. 30 ಡಿಗ್ರಿಯ ಒಂದು ಘನ ಮೀಟರು ಗಾಳಿಯು ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. 20 ಡಿಗ್ರಿಗೆ ಇಳಿದರೆ 17 ಗ್ರಾಂ ಮಾತ್ರ. ಜೂನ್ ತಿಂಗಳಿನಲ್ಲಿ ಅರಬ್ಬೀ ಸಮುದ್ರದ ತೇವವನ್ನು ಹೊತ್ತು ಬರುವ ನೈಋತ್ಯ ಮಾರುತವು ಪಶ್ಚಿಮ ಘಟ್ಟಗಳಿಗೆ ಡಿಕ್ಕಿಹೊಡೆದು ಮೇಲೇರಿ ತಣಿಯುವಾಗ, ಹಿಡಿದಿಡಲಾಗದ ಆವಿಯನ್ನು ಮಳೆಯಾಗಿ ಸುರಿಸಿಬಿಡುವುದು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು, ಮಡಿಕೇರಿಯಲ್ಲಿ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆಯಾಗುವುದು ಹೀಗೆ. ಘಟ್ಟವನ್ನು ದಾಟುವಷ್ಟರಲ್ಲಿ ಮಾರುತದ ಜೋಳಿಗೆ ಬಹುಮಟ್ಟಿಗೆ ಬರಿದಾಗುವುದರಿಂದ ಹಾರೋಹಳ್ಳಿಯ ಸೀಮೆಗೆ ದೊರೆಯುವುದು ಅದರ ಕಾಲುಭಾಗದಷ್ಟು.

ಮಳೆಗಾಲದ ಮಡಿಕೇರಿಯಲ್ಲಿ ಗಾಳಿ ಸದಾ ಆವಿಯಿಂದ ತುಂಬಿರುವುದು; ಮಂಜು ಕಿಟಕಿಯೊಳಗೇ ಬರುವುದು. ಒಗೆದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ; ಗೋಡೆ, ಚಾಪೆ, ಪುಸ್ತಕಗಳ ಮೇಲೆ ಬೂಷ್ಟು ಬೆಳೆಯುವುದು. ಈ ಬೂಷ್ಟಿನ ಬೀಜಕಣಗಳು ಉಬ್ಬಸದ ರೋಗಿಗಳನ್ನು ಕೆರಳಿಸುವ ಮುಖ್ಯ ವಸ್ತುಗಳಲ್ಲಿ ಸೇರಿವೆ. ತಣ್ಣನೆಯ ಗಾಳಿಯೂ ಕೆಲವರ ಶ್ವಾಸನಾಳಗಳನ್ನು ಸಂಕುಚಿಸುವುದು. ಆದಕಾರಣ ‘ಬೆಟ್ಟದ ಗಾಳಿ ಎದೆಗೆ ಒಳ್ಳೆಯದು’ ಎಂಬ ಮಾತನ್ನು ಎಲ್ಲ ಬೆಟ್ಟಗಳಿಗೂ ಎಲ್ಲ ಋತುಗಳಿಗೂ ಅನ್ವಯಿಸಲಾಗದು. ಮಂಗಳೂರೂ ಮಳೆಗಾಲದಲ್ಲಿ ತೇವದ ಊರೇ. ಆದರೆ ಅಲ್ಲಿ ಚಳಿಯ ಕಾಟವಿಲ್ಲ, ಮಳೆ ಬಿಡುವುಕೊಟ್ಟಾಗ ಬಿಸಿಲು ಬೇಗ ಒಣಗಿಸುವುದು. ಒಟ್ಟಿನಲ್ಲಿ ಎರಡು ಊರುಗಳೂ ಅಜ್ಜಿಗೆ ಔಷಧವಲ್ಲ. ಬೆಚ್ಚಗೆ ಒಣಗಿರುವ ಕೋಣೆ ಮತ್ತು ಹತ್ತಿರದಲ್ಲಿ ವೈದ್ಯರು, ಇವೆರಡೇ ಅವರಿಗೆ ಅಗತ್ಯ.

ಮಂಗಳೂರಿನ ಆರೋಗ್ಯದ ಲೆಕ್ಕದಲ್ಲಿ ಇನ್ನೊಂದು ಅಂಶವನ್ನೂ ಸೇರಿಸಬೇಕು. ಮಲೇರಿಯದ ಪರೋಪಜೀವಿಯು ಸೊಳ್ಳೆಯ ಮೈಯೊಳಗೆ ಬೆಳೆಯಲು ಬೆಚ್ಚನೆಯ ಹವೆ ಬೇಕು. ಸುಮಾರು 16 ಡಿಗ್ರಿಗಿಂತ ಕೆಳಗೆ ಆ ಬೆಳವಣಿಗೆ ನಿಂತುಹೋಗುವುದು. ಕಡಲ ಊರಿನಲ್ಲಿ ವರ್ಷವಿಡೀ ಬೆಚ್ಚಗಿರುವುದರಿಂದ ಮಂಗಳೂರು ಬಹುಕಾಲ ಮಲೇರಿಯದ ಪೀಡೆಯನ್ನು ಅನುಭವಿಸಿತು. ಇತ್ತೀಚಿನ ವರ್ಷಗಳಲ್ಲಿ ಅದು ಬಹಳ ಮಟ್ಟಿಗೆ ಇಳಿದಿದೆ. ಆದರೂ ನೀರಿನ ತೊಟ್ಟಿಗಳನ್ನು ಮುಚ್ಚಿಡುವ ಅಭ್ಯಾಸವನ್ನು ಬಿಡುವಂತಿಲ್ಲ.

2018ರ ಎರಡು ಪಾಠಗಳು

ಹವೆಯ ವಿಚಾರ ಇಷ್ಟಾಯಿತು. ಪ್ರಾಣಕ್ಕೆ ಸಂಬಂಧಿಸಿದ ವಿಚಾರ ಇನ್ನೂ ಉಳಿದಿದೆ.

2018ರ ಮೇ 29ರಂದು ಮಂಗಳೂರಿನಲ್ಲಿ ಭಾರೀ ಮಳೆ ಸುರಿದು, ತಗ್ಗಿನ ಬಡಾವಣೆಗಳು ಕೆಲವೇ ಗಂಟೆಗಳಲ್ಲಿ ಜಲಾವೃತವಾದವು. ಕಡಲು ಉಕ್ಕಿ ಬಂದುದರಿಂದ ಹೀಗಾದುದಲ್ಲ. ಮಂಗಳೂರು ಮುರಕಲ್ಲಿನ ಗುಡ್ಡಗಳ ಊರು. ಗುಡ್ಡಗಳ ನಡುವಣ ತಗ್ಗುಗಳಲ್ಲಿ ಹಿಂದೆ ಗದ್ದೆಗಳೂ ತೋಡುಗಳೂ ಇದ್ದು, ಮಳೆಯ ನೀರು ಅವುಗಳ ಮೂಲಕ ಹರಿದುಹೋಗುತ್ತಿತ್ತು. ಅಂಥ ಗದ್ದೆಗಳಿಗೆ ಮಣ್ಣು ತುಂಬಿ ಕಟ್ಟಡಗಳನ್ನೆಬ್ಬಿಸಿ ತೋಡುಗಳನ್ನು ಇರುಕಾಗಿಸಿದರೆ ನೀರು ತನ್ನ ಹಳೆಯ ಜಾಗವನ್ನೇ ಹುಡುಕಿಕೊಂಡು ಬರುವುದು. ಅದೇ ವೇಳೆಗೆ ಸಮುದ್ರದಲ್ಲಿ ಭರತವಿದ್ದರೆ ಹೊರಹೋಗುವ ದಾರಿಯೂ ಕಟ್ಟಿಹೋಗುವುದು.

ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಕೊಡಗಿನ ಸರದಿ ಬಂದಿತು. ಜೂನ್‌ನಿಂದಲೇ ನೆನೆದಿದ್ದ ನೆಲದ ಮೇಲೆ ಎಡೆಬಿಡದೆ ಮಳೆ ಸುರಿದು, ಮಡಿಕೇರಿಯ ಸುತ್ತಮುತ್ತ, ಮಕ್ಕಂದೂರು, ಜೋಡುಪಾಲ ಮೊದಲಾದೆಡೆ ಗುಡ್ಡಗಳು ಕುಸಿದವು. ಪ್ರಾಣಗಳು ಹೋದವು, ಮನೆಗಳು, ತೋಟಗಳು ಮಣ್ಣಾದವು. ಮಡಿಕೇರಿಯಿಂದ ಮಂಗಳೂರಿಗೆ ಇಳಿಯುವ ಹೆದ್ದಾರಿಯೇ ಕುಸಿದು ವಾರಗಟ್ಟಲೆ ಸಂಚಾರ ನಿಂತುಹೋಯಿತು. 2020ರ ಆಗಸ್ಟ್ 6ರಂದು ತಲಕಾವೇರಿಯ ಬಳಿ ಗುಡ್ಡವೊಂದು ಕುಸಿದು ಮತ್ತೆ ಜೀವಹಾನಿಯಾಯಿತು.

ಗುಡ್ಡವೇಕೆ ಜಾರುವುದು? ಒಣಮರಳಿನ ರಾಶಿಯೊಂದನ್ನು ಮಾಡಿ ಅದರ ಬುಡದಿಂದ ಒಂದು ಚಮಚ ಮರಳನ್ನು ತೆಗೆಯಿರಿ. ಮೇಲಿನ ಮರಳು ಜಾರಿ ಬರುವುದು. ಮೇಲಿನ ಭಾರವನ್ನು ಬುಡ ತಡೆದು ನಿಲ್ಲಿಸಿರುತ್ತದೆ. ಮನೆ ಕಟ್ಟಲು, ರಸ್ತೆ ಮಾಡಲು ಇಳಿಜಾರನ್ನು ನೆಟ್ಟಗೆ ಕಡಿದಾಗ ನಾವು ತೆಗೆಯುವುದು ಈ ಬುಡವನ್ನೇ. ಇದರ ಮೇಲೆ ಮಳೆನೀರು ಮಣ್ಣಿನೊಳಗಿಳಿದು ಅದರ ತೂಕವನ್ನು ಹೆಚ್ಚಿಸುವುದು. ಅದಕ್ಕಿಂತಲೂ ಅಪಾಯಕರವಾದುದೆಂದರೆ, ಮಣ್ಣಿನ ಕಣಗಳ ನಡುವೆ ತುಂಬಿದ ನೀರು ಅವುಗಳನ್ನು ಪರಸ್ಪರ ದೂರ ತಳ್ಳಿ, ಹಿಡಿದು ನಿಲ್ಲಿಸಿದ್ದ ಘರ್ಷಣೆಯನ್ನು ಕುಂದಿಸುವುದು. ಮರಗಳ ಆಳವಾದ ಬೇರುಗಳು ಮಣ್ಣನ್ನು ಹೊಲಿದಂತೆ ಹಿಡಿದಿರುತ್ತವೆ. ಅವನ್ನು ಕಡಿದರೆ ಹೊಲಿಗೆ ಬಿಚ್ಚುವುದು. 2018ರ ಕುಸಿತಗಳಿಗೆ ಅಪಾರ ಮಳೆಯೊಡನೆ ಇಳಿಜಾರುಗಳನ್ನು ಕಡಿದುದೂ ಕಾರಣವೆಂದು ಭೂವಿಜ್ಞಾನಿಗಳು ಕಂಡುಕೊಂಡರು.

ಈ ಎರಡು ಪ್ರಸಂಗಗಳಿಂದ ಒಂದೇ ಪಾಠ ವಿದಿತವಾಗುವುದು. ಮಂಗಳೂರಿನಲ್ಲಿ ಗುಡ್ಡದ ಮೇಲಿನ ಮನೆಗೂ ತುಂಬಿದ ಗದ್ದೆಯ ಮೇಲಿನ ಮನೆಗೂ ಇರುವ ಅಂತರ ಬಹು ದೊಡ್ಡದು. ಮಡಿಕೇರಿಯಲ್ಲಿ ಸಮತಟ್ಟಾದ ನೆಲದ ಮನೆಗೂ ಕಡಿದ ಬರೆಯ ಕೆಳಗಿನ ಮನೆಗೂ ಅಷ್ಟೇ ಅಂತರ. ಮಂಗಳೂರು ಸುರಕ್ಷಿತವೋ ಮಡಿಕೇರಿ ಸುರಕ್ಷಿತವೋ ಎಂದು ಕೇಳುವುದಕ್ಕಿಂತ ‘ಆ ಊರಿನಲ್ಲಿ ಮನೆ ಎಲ್ಲಿದೆ?’ ಎಂದು ಕೇಳುವುದು ಮೇಲು.

ನೀರಿನ ಮಾತು

ಅಜ್ಜಿಯ ಮಾತು ಇನ್ನೂ ಉಳಿದಿದೆ. ಇಷ್ಟು ಮಳೆ ಬೀಳುವ ಊರುಗಳಲ್ಲಿ ನೀರಿಗೇನು ಕೊರತೆಯೆಂದು ಕೇಳಬಹುದು. ಆದರೆ ಈ ಮಳೆಯ ಬಹುಭಾಗ ನಾಲ್ಕೇ ತಿಂಗಳಲ್ಲಿ ಬಿದ್ದು ಹರಿದುಹೋಗುವುದು. ಮಂಗಳೂರಿಗೆ ಕುಡಿಯುವ ನೀರು ಬರುವುದು ನೇತ್ರಾವತಿ ನದಿಗೆ ತುಂಬೆಯಲ್ಲಿ ಕಟ್ಟಿರುವ ಕಿಂಡಿ ಅಣೆಕಟ್ಟಿನಿಂದ. 2019ರ ಬೇಸಗೆಯಲ್ಲಿ ನದಿ ಸೊರಗಿ ನಗರಕ್ಕೆ ಪಾಳಿಯ ಮೇಲೆ ನೀರು ಕೊಡಬೇಕಾಯಿತು. ಕಡಲಿಗೆ ತೀರ ಹತ್ತಿರದ ಬಾವಿಗಳಲ್ಲಿ ಸಿಹಿನೀರನ್ನು ಅತಿಯಾಗಿ ಎತ್ತಿದರೆ ಉಪ್ಪುನೀರು ಒಳನುಸುಳುವುದು. ಬೆಟ್ಟದ ಊರಿನಲ್ಲಿಯಾದರೂ ಬಿದ್ದ ನೀರು ನಿಲ್ಲದೆ ಇಳಿದುಹೋಗುವುದೇ ಸ್ವಭಾವ. ಆದುದರಿಂದ ಮನೆ ನೋಡಲು ಹೋಗುವವರು ಎರಡು ಬಾರಿ ಹೋಗತಕ್ಕದ್ದು: ಮೇ ತಿಂಗಳಿನಲ್ಲಿ ನಲ್ಲಿಯನ್ನೂ ಬಾವಿಯನ್ನೂ ನೋಡಲು, ಜುಲೈ ತಿಂಗಳಿನಲ್ಲಿ ಗೋಡೆಯನ್ನೂ ಚರಂಡಿಯನ್ನೂ ನೋಡಲು. ಅಷ್ಟು ಸಮಯವಿಲ್ಲದವರು ನೆರೆಮನೆಯವರನ್ನು ಈ ನಾಲ್ಕರ ಬಗ್ಗೆ ವಿಚಾರಿಸಲಿ.

ಇಷ್ಟೆಲ್ಲ ಹೇಳಿ ಆ ಕುಟುಂಬಕ್ಕೆ ಉತ್ತರ ಕೊಡದೆ ಹೋದರೆ ವಾಚಕರು ನಮ್ಮನ್ನು ಕ್ಷಮಿಸಲಾರರು. ನಮ್ಮ ಎಣಿಕೆಯಲ್ಲಿ ಅವರು ಮಂಗಳೂರನ್ನು ಆರಿಸಿಕೊಳ್ಳುವುದು ಯುಕ್ತ. ಮಡಿಕೇರಿಯಲ್ಲಿ 1949ರಿಂದ ಕಾಲೇಜಿದೆ, 2016ರಿಂದ ವೈದ್ಯಕೀಯ ಕಾಲೇಜೂ ಇದೆ. ಆದರೂ 2011ರ ಜನಗಣತಿಯಂತೆ ಸುಮಾರು 33,000 ಜನರಿದ್ದ ಆ ಊರಿಗಿಂತ, 4 ಲಕ್ಷ 80 ಸಾವಿರಕ್ಕೂ ಹೆಚ್ಚು ಜನರಿದ್ದ ಮಂಗಳೂರಿನಲ್ಲಿ ಮಗಳಿಗೆ ವಿದ್ಯೆಯ ಆಯ್ಕೆಯೂ ಅಜ್ಜಿಗೆ ವೈದ್ಯರ ಆಯ್ಕೆಯೂ ಹೆಚ್ಚು. ಕೊಡಗಿಗೆ ರೈಲುಮಾರ್ಗವಿಲ್ಲ, ಘಟ್ಟದ ರಸ್ತೆ ಕುಸಿದಾಗ ಮಂಗಳೂರಿನ ದೊಡ್ಡ ಆಸ್ಪತ್ರೆಗಳ ದಾರಿಯೇ ಮುಚ್ಚಿಹೋಗುವುದು. ಮನೆ ಮಾತ್ರ ಮುರಕಲ್ಲಿನ ದಿಣ್ಣೆಯ ಮೇಲಿರಲಿ, ಗಾಳಿಗೆ ತೆರೆದಿರಲಿ. ಏಪ್ರಿಲ್, ಮೇ ತಿಂಗಳ ಬೆವರನ್ನು ಈ ಆಯ್ಕೆಯ ಬೆಲೆಯೆಂದು ಸಹಿಸಬೇಕು. ಉಬ್ಬಸವಿಲ್ಲದ, ಓದುವ ಮಕ್ಕಳಿಲ್ಲದ, ಸೆಕೆಯನ್ನು ತಾಳಲಾರದ ಇನ್ನೊಂದು ಕುಟುಂಬ ಕೇಳಿದರೆ, ಗಟ್ಟಿನೆಲದ ಮನೆ ಸಿಕ್ಕುವ ಪಕ್ಷಕ್ಕೆ, ನಾವು ಮಡಿಕೇರಿಯೆಂದೇ ಹೇಳುತ್ತಿದ್ದೆವು.

ಹೊರಡುವ ಮೊದಲು ಮಗಳು ತನ್ನೂರಿನ ನೀರೆತ್ತುವ ಕೇಂದ್ರವನ್ನೊಮ್ಮೆ ನೋಡಿ ಬರಲಿ. ಅರಬ್ಬೀ ಸಮುದ್ರದಿಂದ ಆವಿಯಾಗಿ ಎದ್ದು, ಕೊಡಗಿನ ಬೆಟ್ಟಗಳ ಮೇಲೆ ಮಳೆಯಾಗಿ ಸುರಿದು, ಕಾವೇರಿಯಾಗಿ ಹರಿದು ಬಂದ ನೀರನ್ನು ತೊರೆಕಾಡನಹಳ್ಳಿಯಲ್ಲಿ ಎತ್ತಿ, ಹಾರೋಹಳ್ಳಿಯಲ್ಲಿ ಮತ್ತೊಮ್ಮೆ ಎತ್ತಿ, ತಾತಗುಣಿಯ ಮೂಲಕ ಬೆಂಗಳೂರಿಗೆ ಸಾಗಿಸುತ್ತಾರೆ. ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರದ ಈ ಕೆಲಸ 1974ರಿಂದ ನಡೆದಿದೆ. ಕಡಲೂ ಬೆಟ್ಟವೂ ದೂರವೆಂದುಕೊಂಡಿದ್ದ ಊರಿನಲ್ಲಿ ಅವೆರಡರ ನೀರೂ ಒಂದೇ ಕೊಳವೆಯಲ್ಲಿ ಹರಿಯುತ್ತಿರುವುದನ್ನು ಅವಳು ಅಲ್ಲಿ ಕಾಣುವಳು.