ರಿಸರ್ವ್ ಬ್ಯಾಂಕನ್ನು ಸಂಸತ್ತು ಪ್ರಶ್ನಿಸುವ ಬಗೆ

ಹೊಸಪೇಟೆ ಮತ್ತು ಹಂಪಿ ಇಂದು ವಿಜಯನಗರ ಜಿಲ್ಲೆಗೂ ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಗೂ ಸೇರಿದ್ದರೂ, ಈ ನಾಲ್ಕೂ ಊರುಗಳ ಮತದಾರರು ಲೋಕಸಭೆಗೆ ಕಳುಹಿಸುವುದು ಬಳ್ಳಾರಿ ಕ್ಷೇತ್ರದ ಒಬ್ಬರೇ ಸದಸ್ಯರನ್ನು. ಅಕ್ಕಿಯ ಬೆಲೆ ಏರಿದಾಗಲೂ ಮನೆಸಾಲದ ಕಂತು ಹೆಚ್ಚಿದಾಗಲೂ ಲೋಕಸಭೆಯಲ್ಲಿ ಈ ಭಾಗದ ಪರವಾಗಿ ಪ್ರಶ್ನೆ ಎತ್ತಬೇಕಾದವರು ಅವರೇ. ಆದರೆ ಬಡ್ಡಿಯ ದಿಕ್ಕನ್ನು ತೀರ್ಮಾನಿಸುವ ಭಾರತೀಯ ರಿಸರ್ವ್ ಬ್ಯಾಂಕು ಬೆಲೆಗಳ ವಿಷಯದಲ್ಲಿ ಲೆಕ್ಕ ಒಪ್ಪಿಸುವುದು ಸಂಸತ್ತಿಗಲ್ಲ, ಕೇಂದ್ರ ಸರ್ಕಾರಕ್ಕೆ. ಹೀಗಾಗಿ ಸಂಸತ್ತಿನ ನಿಗಾ ಇಲ್ಲಿ ಬಹುಮಟ್ಟಿಗೆ ಸರ್ಕಾರದ ಮೂಲಕವೇ ನಡೆಯಬೇಕಾಗುತ್ತದೆ.

ಹಣದ ಮೌಲ್ಯಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ಹಂಪಿಯ ಟಂಕಸಾಲೆಯ ಕಾಲದಲ್ಲಿ ಬೇರೆಯದೇ ರೂಪದಲ್ಲಿತ್ತು. ಸುಮಾರು 3.4 ಗ್ರಾಂ ತೂಗುತ್ತಿದ್ದ ಚಿನ್ನದ ವರಾಹದ ಬೆಲೆ ಅದರ ಲೋಹದಲ್ಲೇ ಅಡಗಿತ್ತು. ತೂಕವನ್ನೂ ಶುದ್ಧತೆಯನ್ನೂ ಶರಾಫನೊಬ್ಬ ಒರೆಗಲ್ಲಿನ ಮೇಲೆ ತಾನೇ ಪರೀಕ್ಷಿಸಿಕೊಳ್ಳಬಹುದಿತ್ತು. ಇಂದಿನ ನೋಟಿಗೆ ಅಂಥ ಪರೀಕ್ಷೆ ಇಲ್ಲವಾದ್ದರಿಂದ, ಅದರ ಕೊಳ್ಳುವ ಶಕ್ತಿಯನ್ನು ಕಾಯುವ ಸಂಸ್ಥೆಯನ್ನೇ ಪರೀಕ್ಷೆಗೆ ಒಳಪಡಿಸಬೇಕಾಗುತ್ತದೆ.

ಆ ಪರೀಕ್ಷೆಯ ಈಗಿನ ನಿಯಮಗಳು ರೂಪುಗೊಂಡದ್ದು 1934ರ ರಿಸರ್ವ್ ಬ್ಯಾಂಕ್ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯಿಂದ. ಬ್ಯಾಂಕಿನೊಂದಿಗೆ ಸಮಾಲೋಚಿಸಿ ಐದು ವರ್ಷಕ್ಕೊಮ್ಮೆ ಹಣದುಬ್ಬರದ, ಅಂದರೆ ಒಟ್ಟಾರೆ ಬೆಲೆಮಟ್ಟದ ಏರಿಕೆಯ, ಗುರಿಯನ್ನು ನಿಗದಿಪಡಿಸುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತು. 2016ರ ಆಗಸ್ಟಿನಲ್ಲಿ ಅಧಿಸೂಚಿಸಿದ ಗುರಿ ಶೇ 4. ಅದರಿಂದ ಶೇ 2ರಷ್ಟು ಮೇಲೆ ಅಥವಾ ಕೆಳಗೆ ಹೋದರೆ ಸಹನೀಯ. 2021ರ ಮಾರ್ಚಿನಲ್ಲಿ ಇದೇ ಗುರಿಯನ್ನು ಮತ್ತೆ ಐದು ವರ್ಷಕ್ಕೆ ಮುಂದುವರಿಸಲಾಯಿತು. ಗುರಿ ಮುಟ್ಟುವ ಹೊಣೆ ಆರು ಮಂದಿಯ ಹಣಕಾಸು ನೀತಿ ಸಮಿತಿಯದು. ಮೂವರು ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದ ಹೊರಗಿನವರು, ಮತಗಳು ಸಮನಾದರೆ ಗವರ್ನರರದ್ದು ನಿರ್ಣಾಯಕ ಮತ. ಇಷ್ಟು ದೊಡ್ಡ ವ್ಯವಸ್ಥೆ ಬಜೆಟ್ಟಿನ ಜೊತೆಗೆ ಬಂದ ಹಣಕಾಸು ಕಾಯ್ದೆಯ ಭಾಗವಾಗಿ ಅಂಗೀಕಾರವಾಯಿತು ಎಂಬುದು ಗಮನಾರ್ಹ. ತನ್ನ ನಿಗಾ ಹೇಗಿರಬೇಕು ಎಂಬುದನ್ನು ಬಿಡಿಸಿ ಚರ್ಚಿಸಲು ಸಂಸತ್ತಿಗೆ ಅದೇ ತಕ್ಕ ಸಂದರ್ಭವಾಗಿತ್ತು.

ಸಮಿತಿಯ ತೀರ್ಮಾನ ಮನೆಗಳಿಗೆ ತಲುಪುವುದು ರೆಪೊ ದರದ ಮೂಲಕ. ವಾಣಿಜ್ಯ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು ಅಲ್ಪಾವಧಿ ಸಾಲ ಕೊಡುವ ಈ ದರ 2022ರ ಮೇ ತಿಂಗಳವರೆಗೆ ಶೇ 4 ಇದ್ದದ್ದು 2023ರ ಫೆಬ್ರುವರಿಯ ವೇಳೆಗೆ ಶೇ 6.5ಕ್ಕೆ ಏರಿತು. ಹೊಸಪೇಟೆಯ ಒಂದು ಕುಟುಂಬ 20 ಲಕ್ಷ ರೂಪಾಯಿಯನ್ನು 20 ವರ್ಷದ ಅವಧಿಗೆ ಶೇ 6.5ರ ಬಡ್ಡಿಯಲ್ಲಿ ಸಾಲ ಪಡೆದಿದೆ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 14,900 ರೂಪಾಯಿ; ಏರಿಕೆ ಪೂರ್ತಿಯಾಗಿ ವರ್ಗಾವಣೆಯಾಗಿ ಬಡ್ಡಿ ಶೇ 9 ಆದರೆ ಅದೇ ಕಂತು 18,000ದ ಹತ್ತಿರಕ್ಕೆ ಬರುತ್ತದೆ. ತೆರಿಗೆ ಹೆಚ್ಚಿಸಲು ಸಂಸತ್ತಿನ ಮತ ಬೇಕು. ಕಂತನ್ನು ಇಷ್ಟು ಹೆಚ್ಚಿಸಬಲ್ಲ ತೀರ್ಮಾನಕ್ಕೆ ಬೇಡ. ಚುನಾವಣೆಯ ಒತ್ತಡ ಬಡ್ಡಿದರದ ಮೇಲೆ ಬೀಳಬಾರದೆಂಬ ಕಾರಣಕ್ಕೆ ಈ ಏರ್ಪಾಡು ಸರಿಯೇ, ಆದರೆ ಮುಂಚೆ ಅನುಮತಿ ಬೇಡ ಎಂದರೆ ಆಮೇಲೆ ವಿವರಣೆಯೂ ಬೇಡ ಎಂದಾಗುವುದಿಲ್ಲ.

ಸರಾಸರಿ ಹಣದುಬ್ಬರ ಸತತ ಮೂರು ತ್ರೈಮಾಸಿಕಗಳಲ್ಲಿ ಶೇ 6ನ್ನು ಮೀರಿದರೆ ಬ್ಯಾಂಕು ಸೋತಂತೆ. ಆಗ ಅದು ಕಾರಣ, ಪರಿಹಾರ ಮತ್ತು ಗುರಿಗೆ ಮರಳಲು ಬೇಕಾಗುವ ಕಾಲವನ್ನು ತಿಳಿಸಿ ಸರ್ಕಾರಕ್ಕೆ ವರದಿ ಸಲ್ಲಿಸಬೇಕು. 2022ರ ಜನವರಿಯಿಂದ ಸೆಪ್ಟೆಂಬರ್‌ವರೆಗೆ ಹಾಗೆಯೇ ಆಯಿತು. ನವೆಂಬರ್ 3ರಂದು ಸಮಿತಿ ವಿಶೇಷ ಸಭೆ ಸೇರಿತು, ವರದಿಯೂ ಹೋಯಿತು. ಅದನ್ನು ಬಹಿರಂಗಪಡಿಸುವ ಬಗ್ಗೆ ಪ್ರಶ್ನೆ ಎದ್ದಾಗ, ಅಂಥ ಅವಕಾಶ ಕಾಯ್ದೆಯಲ್ಲಾಗಲಿ ನಿಯಮಗಳಲ್ಲಾಗಲಿ ಇಲ್ಲವೆಂದು ಡಿಸೆಂಬರಿನಲ್ಲಿ ಸರ್ಕಾರ ಲೋಕಸಭೆಗೆ ಲಿಖಿತವಾಗಿ ಉತ್ತರಿಸಿತು. ಕಾಯ್ದೆ ಪ್ರಕಟಣೆಯನ್ನು ಕಡ್ಡಾಯಗೊಳಿಸಿಲ್ಲ ಎಂಬುದು ನಿಜ. ನಿಷೇಧಿಸಿಯೂ ಇಲ್ಲ ಎಂಬುದೂ ಅಷ್ಟೇ ನಿಜ. ಬ್ರಿಟನ್ನಿನಲ್ಲಿ ಗುರಿ ತಪ್ಪಿದರೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರರು ಹಣಕಾಸು ಸಚಿವರಿಗೆ ಬರೆಯುವುದು ಬಹಿರಂಗ ಪತ್ರ, ಅವರನ್ನು ಸಂಸದೀಯ ಸಮಿತಿಯೂ ಸಾರ್ವಜನಿಕವಾಗಿ ಪ್ರಶ್ನಿಸುತ್ತದೆ. ಅಮೆರಿಕದ ಫೆಡರಲ್ ರಿಸರ್ವಿನ ಅಧ್ಯಕ್ಷರು ವರ್ಷಕ್ಕೆರಡು ಸಲ ಅಲ್ಲಿನ ಕಾಂಗ್ರೆಸ್ಸಿನ ಮುಂದೆ ಹಾಜರಾಗುತ್ತಾರೆ.

ಬ್ಯಾಂಕು ಸರ್ಕಾರದ ನೆರಳಿನಲ್ಲಿ ನಿಲ್ಲಬೇಕಾದ ಈ ಸ್ಥಿತಿಗೆ ಹಳೆಯ ಹಿನ್ನೆಲೆಯಿದೆ. ಮಂಗಳೂರಿನ ಬೆನಗಲ್ ಮನೆತನದ ಬಿ. ರಾಮರಾವ್ 1949ರಿಂದ ಗವರ್ನರರಾಗಿದ್ದರು. ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕವನ್ನು ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ 1956ರಲ್ಲಿ ಏರಿಸಿದ್ದು ಸುತ್ತುದಾರಿಯಲ್ಲಿ ಬಡ್ಡಿದರವನ್ನೇ ಏರಿಸಿದಂತಾಯಿತೆಂದು ರಾಮರಾವ್ ಆಕ್ಷೇಪಿಸಿದರು. ಸಚಿವರು ಬ್ಯಾಂಕು ತಮ್ಮ ಇಲಾಖೆಯ ಒಂದು ವಿಭಾಗವೆಂಬಂತೆ ಸಂಸತ್ತಿನಲ್ಲೇ ಮಾತನಾಡಿದರು. ಪ್ರಧಾನಿ ನೆಹರೂ ಸಚಿವರ ಪಕ್ಷ ವಹಿಸಿದರು. 1957ರ ಜನವರಿಯಲ್ಲಿ ರಾಮರಾವ್ ರಾಜೀನಾಮೆ ಕೊಟ್ಟರು.

ಸರ್ಕಾರವನ್ನು ಬದಿಗಿಟ್ಟು ಗವರ್ನರರನ್ನೇ ಕೇಳಲು ಸಂಸತ್ತಿಗಿರುವ ಮುಖ್ಯ ದಾರಿ ಹಣಕಾಸು ಸ್ಥಾಯಿ ಸಮಿತಿ. ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿರುವ ಈ ಸಮಿತಿಗೆ ಕರ್ನಾಟಕದ ಎಂ. ವೀರಪ್ಪ ಮೊಯಿಲಿ ಅಧ್ಯಕ್ಷರಾಗಿದ್ದಾಗ, 2017ರ ಜನವರಿಯಲ್ಲಿ, ಗವರ್ನರ್ ಊರ್ಜಿತ್ ಪಟೇಲ್ ನೋಟು ರದ್ದತಿಯ ಕುರಿತು ಅದರ ಮುಂದೆ ಹಾಜರಾಗಿ ವಿವರಣೆ ಕೊಟ್ಟರು. ಆದರೆ ಸಭೆಗಳು ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತವೆ, ಶಿಫಾರಸುಗಳಿಗೆ ಸರ್ಕಾರ ಬದ್ಧವಲ್ಲ. ಸಮಿತಿಯ ಅವಧಿಯೂ ಒಂದೇ ವರ್ಷ. ನೀತಿ ಸಮಿತಿಯ ಹೊರಗಿನ ಸದಸ್ಯರದ್ದು ನಾಲ್ಕು ವರ್ಷ.

ಕೇಳುವ ಪ್ರಶ್ನೆಯೂ ಗುರಿಗೆ ತಕ್ಕುದಾಗಿರಬೇಕು. ಹಣದುಬ್ಬರವನ್ನು ಅಳೆಯುತ್ತಿದ್ದ, 2012ನ್ನು ಮೂಲವರ್ಷವಾಗಿಟ್ಟ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ಪಾಲೇ ಶೇ 45.86 ಇತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ ನೀರು ಹರಿದುಹೋದಾಗ ಕಂಪ್ಲಿಯ ಭತ್ತದ ಗದ್ದೆಗಳವರು ಪಟ್ಟ ಆತಂಕವನ್ನು ಯಾವ ರೆಪೊ ದರವೂ ನೀಗಿಸಲಾರದು. ಅಂಥ ಕೊರತೆಗೆ ಉತ್ತರ ಹೇಳಬೇಕಾದವರು ನೀರಾವರಿ, ದಾಸ್ತಾನು ಮತ್ತು ಆಮದು ನೀತಿಯ ಹೊಣೆ ಹೊತ್ತವರು. ಬ್ಯಾಂಕನ್ನು ಕೇಳಬೇಕಾದದ್ದು, ಬೆಲೆ ಏರಿಕೆ ತಾತ್ಕಾಲಿಕವೆಂದು ಅದು ಯಾವ ಆಧಾರದ ಮೇಲೆ ಎಣಿಸಿತು, ಎಣಿಕೆ ತಪ್ಪಿದ್ದು ಯಾವಾಗ ತಿಳಿಯಿತು, ತಿಳಿದ ಮೇಲೆ ದರ ಬದಲಿಸಲು ಎಷ್ಟು ಕಾಲ ತೆಗೆದುಕೊಂಡಿತು ಎಂಬುದನ್ನು. ಕಾರಣ ಮತ್ತು ಕಾಲದ ಕುರಿತ ಬ್ಯಾಂಕಿನದೇ ವಿವರಣೆ 2022ರ ಆ ವರದಿಯಲ್ಲಿರಬೇಕು; ಅದನ್ನು ಓದಲು ಬಳ್ಳಾರಿಯ ಸಂಸದರಿಗೂ ಅವಕಾಶ ದೊರೆತಿಲ್ಲ.